ಶಕ್ತಿಮಾನ್ ತೂಕಕ್ಕೆ ಹೋಗುವ ಮುನ್ನ

ಊರಾಚೆಯ ಗುಜರಿ ಅಂಗಳ. ಗಾಜಿಲ್ಲದ ಬಸ್ಸಿನ ಪಂಜರ, ಚಪ್ಪಟೆಯಾದ ಕಾರುಗಳು, ಒಂದರ ಮೇಲೊಂದು ಪೇರಿಸಿಟ್ಟ ಚಕ್ರಗಳು. ಇವೆಲ್ಲದರ ಹಿಂದೆ, ಬೇಲಿಗೆ ಆತು ನಿಂತಂತೆ ಎತ್ತರದ ಒಂದು ಲಾರಿ. ಟೈರುಗಳು ಕುಸಿದಿವೆ. ಮಳೆನೀರು ಕುಡಿದ ಸೀಟಿನ ಸ್ಪಂಜಿನಲ್ಲಿ ಹುಲ್ಲು ಮೊಳೆತಿದೆ. ಬಾನೆಟ್ಟಿನ ಹಸಿರು ಬಣ್ಣ ಹಪ್ಪಳದಂತೆ ಎದ್ದಿದ್ದು, ಉಗುರಿನಲ್ಲಿ ಕೆರೆದರೆ ಅದರಡಿ ಇನ್ನೊಂದು ಹಸಿರು, ಅದರಡಿ ಮತ್ತೊಂದು. ಮುಂದಿನ ಬಂಪರಿನ ಮೇಲೆ ಮಸುಕಾದ ಬಿಳಿ ಬಾಣದ ಗುರುತು, ಪಕ್ಕದಲ್ಲಿ ಎರಡು ಅಂಕಿ.

ಹತ್ತು ಮಾರು ದೂರದಲ್ಲಿ ಗ್ಯಾಸ್ ಕಟರ್ ಹಿಡಿದ ಕೆಲಸಗಾರ ಬೇರೊಂದು ಗಾಡಿಯ ಚಾಸಿ ಕೊಯ್ಯುತ್ತಿದ್ದಾನೆ. ಅದು ಮುಗಿದರೆ ಮುಂದಿನ ಸರದಿ ಈ ಲಾರಿಯದು.

ಆ ಬಾಣ ಸೇನೆಯ ವಾಹನದ ಗುರುತು. ಅದರ ಪಕ್ಕದ ಎರಡು ಅಂಕಿ ಸೇನೆ ಗಾಡಿಯನ್ನು ಪಡೆದ ವರ್ಷವನ್ನು ಹೇಳುತ್ತವೆ. ಅಲ್ಲಿ 70 ಅಥವಾ 71 ಎಂದಿದ್ದರೆ, ಬಾಂಗ್ಲಾ ಯುದ್ಧದ ಹೊತ್ತಿಗೆ ಆ ಲಾರಿ ಸೇನೆಯಲ್ಲಿತ್ತು ಎಂದರ್ಥ. ಗುಜರಿಯವನ ಲೆಕ್ಕದಲ್ಲಿ ಮಾತ್ರ ಅದು ಇಷ್ಟು ಕಿಲೋ ಕಬ್ಬಿಣ, ಇಷ್ಟು ಕಿಲೋ ಅಲ್ಯೂಮಿನಿಯಂ.

ಈ ಎರಡು ಲೆಕ್ಕಗಳ ನಡುವೆ ನಿಂತು ಹಳೆಯ ಮಿಲಿಟರಿ ಲಾರಿಗಳನ್ನು ಹುಡುಕಿ ಉಳಿಸುವವರು ಜಗತ್ತಿನಾದ್ಯಂತ ಇದ್ದಾರೆ. ಭಾರತದಲ್ಲಿ ಅವರ ಸಂಖ್ಯೆ ಚಿಕ್ಕದು, ಅವರಿಗೆ ಉಳಿದಿರುವ ಸಮಯ ಅದಕ್ಕಿಂತ ಚಿಕ್ಕದು.

ಜಬಲ್ಪುರದ ಮಕ್ಕಳು

ಇಂದಿನವರಿಗೆ ಶಕ್ತಿಮಾನ್ ಎಂದರೆ 1997ರಲ್ಲಿ ದೂರದರ್ಶನದಲ್ಲಿ ಶುರುವಾದ ಧಾರಾವಾಹಿ. ಅದಕ್ಕಿಂತ ಮುಂಚಿನ ಸುಮಾರು ನಾಲ್ಕು ದಶಕ ಆ ಹೆಸರು ಸೇನೆಯ ಲಾರಿಯದಾಗಿತ್ತು. ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿ ಪಡೆದು, 1959ರಲ್ಲಿ ಮಧ್ಯಪ್ರದೇಶದ ಜಬಲ್ಪುರದಲ್ಲಿ ಅದರ ತಯಾರಿಕೆ ಆರಂಭವಾಯಿತು. ಕಂಪನಿಯ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಾಗಿ ಓದಿದರೆ ಲಾರಿಯ ಹೆಸರಿನ ಕೊನೆಯ ಭಾಗ ಸಿಗುತ್ತದೆ. ಆಗ ರಕ್ಷಣಾ ಸಚಿವರಾಗಿದ್ದವರು ವಿ.ಕೆ. ಕೃಷ್ಣ ಮೆನನ್. ಸೇನೆಗೆ ಬೇಕಾದ ಲಾರಿ ದೇಶದ ಸರ್ಕಾರಿ ಕಾರ್ಖಾನೆಯಲ್ಲೇ ಆಗಬೇಕು ಎಂಬುದು ಅವರ ಹಟ.

ಮೊದಲು ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ ಲಾರಿಗೆ, 1969ರಲ್ಲಿ ಸ್ಥಾಪನೆಯಾದ ಜಬಲ್ಪುರ ವೆಹಿಕಲ್ ಫ್ಯಾಕ್ಟರಿ ಮುಂದೆ ತವರಾಯಿತು. ಅದೇ ಊರು ಇನ್ನೆರಡು ಗಾಡಿಗಳನ್ನು ಸೇನೆಗೆ ಕೊಟ್ಟಿತು. ಒಂದು, ಸೈನಿಕರು ‘ಒನ್ ಟನ್’ ಎಂದೇ ಕರೆಯುತ್ತಿದ್ದ ನಿಸಾನ್ ಕ್ಯಾರಿಯರ್. ಇನ್ನೊಂದು, ನಿಸಾನ್ ಪಟ್ರೋಲ್ ಎಂಬ ಜಪಾನಿ ಗಾಡಿಯನ್ನು ಆಧರಿಸಿದ ಜೋಂಗಾ. ಜಬಲ್ಪುರದ ಹೆಸರೂ ಅಲ್ಲಿನ ಶಸ್ತ್ರಾಸ್ತ್ರ ಕಾರ್ಖಾನೆಗಳ ಹೆಸರೂ ಕೂಡಿ ಆದ ಪದ ಅದು. ಅದರ ಬಾನೆಟ್ಟಿನಡಿ ಸುಮಾರು ನಾಲ್ಕು ಲೀಟರ್ ಗಾತ್ರದ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್.

1965ರಲ್ಲೂ 1971ರಲ್ಲೂ ಶಕ್ತಿಮಾನ್ ಯುದ್ಧಕ್ಕೆ ಹೋಯಿತು. ಗುಂಡು ಹಾರಿಸಲು ಹೋಗಲಿಲ್ಲ, ಗುಂಡು ಹೊತ್ತು ಹೋಯಿತು. ಅಕ್ಕಿ, ಬೇಳೆ, ಸೀಮೆಎಣ್ಣೆ, ಡೇರೆ, ಔಷಧ, ಗಾಯಾಳು, ಕೆಲವೊಮ್ಮೆ ಹೆಣ: ಎಲ್ಲವನ್ನೂ ಹೊತ್ತಿತು. ಶಾಂತಿಕಾಲದಲ್ಲಿ ನೆರೆ ಬಂದ ಊರಿಗೆ ಮೊದಲು ನುಗ್ಗುತ್ತಿದ್ದುದೂ ಇಂಥ ಲಾರಿಗಳೇ.

90ರ ದಶಕದಲ್ಲಿ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಎಲ್‌ಪಿಟಿಎ ಲಾರಿಗಳು ಆ ಜಾಗಕ್ಕೆ ಬಂದವು. 1996ರ ಹೊತ್ತಿಗೆ ಶಕ್ತಿಮಾನ್ ತಯಾರಿಕೆ ನಿಂತಿತು. ಕೊನೆಯ ತಂಡದ ಲಾರಿಗಳೂ ಈಗ ಮೂವತ್ತರ ಅಂಚಿನಲ್ಲಿವೆ.

‘ಡಿಸ್ಪೋಸಲ್’ ಕಾಲದ ಬಳುವಳಿ

ಜಬಲ್ಪುರಕ್ಕೂ ಮುಂಚಿನ ಒಂದು ತಲೆಮಾರಿದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗಕ್ಕೆ ಭಾರತವೇ ಉಗ್ರಾಣ. ಕೆನಡಾದಲ್ಲಿ ಫೋರ್ಡ್ ಮತ್ತು ಷೆವರ್ಲೆ ಒಂದೇ ಮಾದರಿಯಲ್ಲಿ ತಯಾರಿಸಿದ ಮೊಂಡು ಮೂತಿಯ ಲಾರಿಗಳು, ಅಮೆರಿಕದ ಜಿಎಂಸಿಯ ಎರಡೂವರೆ ಟನ್ನಿನ ಆರು ಚಕ್ರದ ಲಾರಿಗಳು, ವಿಲ್ಲಿಸ್ ಜೀಪುಗಳು ಹಡಗು ಹಡಗಾಗಿ ಬಂದಿಳಿದವು. ಕೆನಡಾ ಮಾದರಿಯ ಲಾರಿಗಳ ಒಟ್ಟು ತಯಾರಿಕೆಯೇ 4 ಲಕ್ಷಕ್ಕೂ ಹೆಚ್ಚು, ಜಿಎಂಸಿಯದು 5 ಲಕ್ಷಕ್ಕೂ ಹೆಚ್ಚು.

ಅಸ್ಸಾಮಿನ ಲೇಡೊದಿಂದ ಚೀನಾದ ಕುನ್‌ಮಿಂಗ್‌ವರೆಗೆ ಸುಮಾರು 1,700 ಕಿ.ಮೀ. ಉದ್ದದ ದಾರಿ ತೆರೆದಾಗ ಅದರಲ್ಲಿ ಸಾಗಿದ್ದು ಇಂಥ ವಾಹನಗಳೇ. ಮೊದಲ ಸಾಲು 1945ರ ಜನವರಿ 12ರಂದು ಲೇಡೊ ಬಿಟ್ಟಿತು. 113 ವಾಹನಗಳು ಕಾಡು, ಕೆಸರು, ಕಣಿವೆ ದಾಟಿ ಫೆಬ್ರುವರಿ 4ರಂದು ಕುನ್‌ಮಿಂಗ್ ಸೇರಿದವು.

ಯುದ್ಧ ಮುಗಿಯಿತು, ಲಾರಿಗಳು ಉಳಿದವು. ದೇಶದಲ್ಲಿ ಆಗ ಲಾರಿಯ ಬಿಡಿಭಾಗ ತರಿಸಿ ಜೋಡಿಸುವ ಘಟಕಗಳಿದ್ದವೇ ಹೊರತು ಸ್ವಂತ ತಯಾರಿಕೆ ಇರಲಿಲ್ಲ. ಟಾಟಾ–ಮರ್ಸಿಡಿಸ್ ಲಾರಿ ಜಮ್ಶೆಡ್‌ಪುರದಿಂದ ಹೊರಬಂದದ್ದು 1954ರಲ್ಲಿ. ಹೀಗಾಗಿ ಹೆಚ್ಚುವರಿ ಮಿಲಿಟರಿ ಲಾರಿಗಳನ್ನು ಸರ್ಕಾರ ಮಾರಿದಾಗ ಕೊಳ್ಳುವವರಿಗೆ ಕೊರತೆಯಾಗಲಿಲ್ಲ. ಜನರ ಬಾಯಲ್ಲಿ ಅವು ‘ಡಿಸ್ಪೋಸಲ್ ಲಾರಿ’ಗಳಾದವು. ಸರ್ಕಾರದ ಖರೀದಿ ಇಲಾಖೆಯ ಹೆಸರಿನಲ್ಲೇ ‘ಸಪ್ಲೈಸ್ ಅಂಡ್ ಡಿಸ್ಪೋಸಲ್ಸ್’ ಎಂಬುದು 2017ರಲ್ಲಿ ಅದು ಮುಚ್ಚುವವರೆಗೂ ಉಳಿದಿತ್ತು.

ಪಶ್ಚಿಮ ಘಟ್ಟದ ಕೂಪುಗಳಲ್ಲಿ ಯುದ್ಧಕಾಲದ ಲಾರಿಗಳು ದಿಮ್ಮಿ ಎಳೆದವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಉಕ್ಕಿನ ಹಗ್ಗ ಸುತ್ತುವ ವಿಂಚ್ ಇರುವ ಗಾಡಿ ಮಳೆಗಾಲದ ಕೆಸರಿನಲ್ಲಿ ಆನೆಗೆ ಸಮ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇದೇ ಪಾತ್ರವನ್ನು ಮುಂದೆ ಶಕ್ತಿಮಾನ್ ವಹಿಸಿಕೊಂಡಿತು; ಸೇನೆಯಿಂದ ಹೊರಬಿದ್ದ ಲಾರಿಗಳು ಅಲ್ಲಿ ಕಲ್ಲಿದ್ದಲು ಹೊತ್ತವು.

ಹಳೆಯ ಲಾರಿಗಳಲ್ಲಿ ಇಂದು ಉಳಿದಿರುವ ಬಹುಪಾಲು ಹೀಗೆ ದುಡಿಯುತ್ತಲೇ ಉಳಿದವು. ದುಡಿಮೆ ನಿಂತ ದಿನ ಅವುಗಳ ಮೇಲೆ ಗುಜರಿಯ ಕಣ್ಣು ಬೀಳುತ್ತದೆ.

ಬ್ಯಾರಕ್‌ನಿಂದ ಗುಜರಿಗೆ

ಸೇನೆಯ ವಾಹನಕ್ಕೆ ನಿವೃತ್ತಿ ಥಟ್ಟನೆ ಬರುವುದಿಲ್ಲ. ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಎಂಬ ಲೆಕ್ಕವಿದೆ. ತಪಾಸಣೆ ನಡೆಯುತ್ತದೆ. ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನು ಮೀರುತ್ತದೆ ಎಂದಾದಾಗ ಅದನ್ನು ಪಟ್ಟಿಯಿಂದ ತೆಗೆದು ಹರಾಜಿಗೆ ಕಳಿಸುತ್ತಾರೆ. ಹಿಂದೆ ಮೈದಾನದಲ್ಲಿ ಕೂಗಿ ನಡೆಯುತ್ತಿದ್ದ ಹರಾಜು ಈಗ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆ ಇದರಲ್ಲಿ ಪ್ರಮುಖ.

ತೊಡಕು ಶುರುವಾಗುವುದು ಇಲ್ಲೇ. ಗಾಡಿಗಳನ್ನು ಸಾಮಾನ್ಯವಾಗಿ ಲಾಟಿನಲ್ಲಿ ಮಾರುತ್ತಾರೆ. ಒಂದೇ ಒಂದು ಶಕ್ತಿಮಾನ್ ಬೇಕೆನ್ನುವವನು ಜೊತೆಗೆ ಇನ್ನೊಂದಷ್ಟು ಗಾಡಿಗಳಿಗೂ ಹಣ ಹೂಡಬೇಕು, ಗಡುವಿನೊಳಗೆ ಎಲ್ಲವನ್ನೂ ಸಾಗಿಸಬೇಕು. ಅದು ಗುಜರಿ ವ್ಯಾಪಾರಿಗೆ ಸಾಧ್ಯ, ಹವ್ಯಾಸಿಗೆ ಅಲ್ಲ. ಹಾಗಾಗಿ ಉಳಿಸುವವರು ವ್ಯಾಪಾರಿಯ ಬಾಗಿಲಿಗೆ ಹೋಗಿ, ಕಬ್ಬಿಣದ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಅವರು ತಲುಪುವ ಹೊತ್ತಿಗೆ ಕಟರ್ ಚಾಸಿಯನ್ನು ಮುಟ್ಟಿರಬಾರದು, ಅಷ್ಟೇ. ಚಾಸಿ ತುಂಡಾದರೆ ಕಥೆ ಮುಗಿಯಿತು.

ಜೀಪು, ಜೋಂಗಾಗಳಿಗೆ ಇಷ್ಟು ಕಷ್ಟವಿಲ್ಲ. ಅವು ಮನೆಯಂಗಳದಲ್ಲಿ ಹಿಡಿಸುತ್ತವೆ, ಭಾನುವಾರ ಓಡಿಸಬಹುದು, ಕೊಳ್ಳುವವರೂ ಇದ್ದಾರೆ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಜೋಂಗಾ ಓಡಿಸಿಕೊಂಡು ರಾಂಚಿಯ ರಸ್ತೆಗಿಳಿದಾಗ ಆ ಹೆಸರನ್ನೇ ಕೇಳಿರದ ಹುಡುಗರೂ ಅದನ್ನು ಹುಡುಕತೊಡಗಿದರು. ಲಾರಿಗೆ ಆ ಅದೃಷ್ಟವಿಲ್ಲ. ಅದನ್ನು ನಿಲ್ಲಿಸಲು ಜಾಗ ಬೇಕು, ತರಲು ಟ್ರೇಲರ್ ಬೇಕು, ಓಡಿಸಲು ಭಾರಿ ವಾಹನದ ಲೈಸೆನ್ಸ್ ಬೇಕು. ಜೀಪು ಉಳಿದು ಲಾರಿ ಅಳಿಯುತ್ತಿರುವುದು ಈ ಕಾರಣಕ್ಕೆ.

ಗುರುತು ಹಿಡಿಯುವ ಕಣ್ಣು

ಹುಡುಕುವವರು ಮೊದಲು ನೋಡುವುದು ಬಣ್ಣವನ್ನಲ್ಲ, ತಗಡಿನ ಚಿಕ್ಕ ಫಲಕವನ್ನು. ಕ್ಯಾಬಿನ್ನಿನ ಒಳಗೆ ಅಥವಾ ಎಂಜಿನ್ ಬಳಿ ಮೊಳೆ ಹೊಡೆದು ಕೂರಿಸಿದ ಆ ಫಲಕದಲ್ಲಿ ತಯಾರಕರ ಹೆಸರು, ಮಾದರಿ, ಚಾಸಿ ಸಂಖ್ಯೆ, ವರ್ಷ ಇರುತ್ತವೆ. ಫಲಕ ಕಳೆದುಹೋಗಿದ್ದರೆ ಚಾಸಿಯ ಉಕ್ಕಿನ ಮೇಲೆಯೇ ಗುದ್ದಿದ ಸಂಖ್ಯೆಯನ್ನು ಹುಡುಕಬೇಕು. ಗ್ರೀಸು, ಕೆಸರು, ಬಣ್ಣಗಳ ಅಡಿ ಅದು ಅಡಗಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದರ ಮೇಲೆ ಬಳಪದ ಪುಡಿ ಉಜ್ಜಿದರೆ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಆಮೇಲೆ ಬಣ್ಣದ ಸರದಿ. ಸೇನೆಯ ಲಾರಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ನೀರು ಹಾಕಿ ಮರಳು ಕಾಗದದಿಂದ ಮೆಲ್ಲಗೆ ತಿಕ್ಕಿದರೆ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ. ಒಂದು ಪದರದಲ್ಲಿ ದಳದ ಚಿಹ್ನೆ, ಇನ್ನೊಂದರಲ್ಲಿ ಚಕ್ರದ ಮೇಲೆ ಬರೆದ ಗಾಳಿಯ ಒತ್ತಡ, ಮತ್ತೊಂದರಲ್ಲಿ ಬಾಗಿಲ ಮೇಲಿನ ಹಳೆಯ ಸಂಖ್ಯೆ. ಲಾರಿ ಯಾವ ಘಟಕದಲ್ಲಿತ್ತು ಎಂಬುದಕ್ಕೆ ಬಹಳ ಸಲ ಉಳಿದಿರುವ ಏಕೈಕ ದಾಖಲೆ ಇದು. ಅವಸರಕ್ಕೆ ಬಿದ್ದು ಮರಳು ಊದುವ ಯಂತ್ರ ಹಿಡಿದರೆ ಐವತ್ತು ವರ್ಷದ ಇತಿಹಾಸ ಅರ್ಧ ಗಂಟೆಯಲ್ಲಿ ಧೂಳಾಗುತ್ತದೆ.

ಕಚ್ಚಿಕೊಂಡ ಎಂಜಿನ್ ಬಿಡಿಸುವುದು

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಎಂಜಿನ್ ‘ಜಾಮ್’. ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತಿದರೆ ಏನಾದರೊಂದು ಮುರಿಯುತ್ತದೆ. ಬಲ್ಲವರು ಇಂಜೆಕ್ಟರುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಸುರಿದು, ಬಾಯಿ ಮುಚ್ಚಿ, ದಿನಗಟ್ಟಲೆ ಬಿಡುತ್ತಾರೆ. ಆಮೇಲೆ ಫ್ಲೈವೀಲಿಗೆ ಸಲಾಕೆ ಕೊಟ್ಟು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಒಂದು ಸಂಜೆ ಅದು ಸಣ್ಣಗೆ ನರಳಿ, ಒಂದಂಗುಲ ಜರುಗುತ್ತದೆ. ಆ ಒಂದಂಗುಲಕ್ಕೆ ಶೆಡ್ಡಿನಲ್ಲಿರುವವರೆಲ್ಲ ಕೂಗಿಕೊಳ್ಳುತ್ತಾರೆ.

ಅಲ್ಲಿಂದ ಮುಂದಿನದೂ ನಿಧಾನದ ಕೆಲಸ. ಸಂಪ್ ಇಳಿಸಿ ತಳದಲ್ಲಿ ಹೆಪ್ಪುಗಟ್ಟಿದ ಎಣ್ಣೆ ತೆಗೆಯಬೇಕು. ಡೀಸೆಲ್ ಟ್ಯಾಂಕಿನ ತುಕ್ಕು ತೊಳೆಯಬೇಕು. ರಬ್ಬರ್ ಪೈಪುಗಳನ್ನೆಲ್ಲ ಬದಲಿಸಬೇಕು. ಇಂಧನ ಪಂಪಿನ ಒಳಗಿನ ಸರಳು ಕಚ್ಚಿಕೊಂಡಿದ್ದರೆ, ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡ ಮೇಲೆ ನಿಲ್ಲದೆ ವೇಗ ಏರಿಸಿಕೊಳ್ಳುತ್ತಾ ಹೋಗಿ ಸಿಡಿಯಬಹುದು. ಅದಕ್ಕೇ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬ ಮರದ ಹಲಗೆ ಹಿಡಿದು ಗಾಳಿ ಒಳಹೋಗುವ ಬಾಯಿಯ ಪಕ್ಕದಲ್ಲೇ ನಿಂತಿರುತ್ತಾನೆ. ಎಂಜಿನ್ ಕೈಮೀರಿದರೆ ಬಾಯಿ ಮುಚ್ಚಿ ಉಸಿರು ಕಟ್ಟಿಸಬೇಕು.

ಯುದ್ಧಕಾಲದ ಹಲವು ಲಾರಿಗಳ ಚಕ್ರದಲ್ಲಿ ಇನ್ನೊಂದು ಅಪಾಯ ಅಡಗಿದೆ. ಅವುಗಳ ಡಿಸ್ಕ್ ಎರಡು ಹೋಳಿನದು. ಎರಡನ್ನೂ ಬೋಲ್ಟುಗಳು ಹಿಡಿದಿರುತ್ತವೆ, ನಡುವೆ ಟೈರು. ಚಕ್ರ ಬಿಚ್ಚುವ ನಟ್ಟು ಯಾವುದು, ಹೋಳುಗಳನ್ನು ಹಿಡಿದ ನಟ್ಟು ಯಾವುದು ಎಂದು ತಿಳಿಯದೆ, ಗಾಳಿ ತುಂಬಿರುವಾಗಲೇ ಎರಡನೆಯದನ್ನು ಬಿಚ್ಚಿದರೆ ಉಕ್ಕಿನ ಹೋಳು ಗುಂಡಿನಂತೆ ಹಾರುತ್ತದೆ. ಇದರಿಂದ ಜೀವ ಹೋದದ್ದುಂಟು. ಮೊದಲು ಟೈರಿನ ಗಾಳಿಯನ್ನು ಪೂರ್ತಿ ಬಿಡುವುದು, ಆಮೇಲೆ ಪಾನ ಹಿಡಿಯುವುದು: ಈ ಕಸುಬಿನ ಮೊದಲ ಪಾಠ ಅದು.

ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲಿನಂಥ ಜಾಗಗಳನ್ನು ಅಲೆಯಬೇಕು. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಡೆಸಬೇಕು. ಮೂರು ಲಾರಿಗಳಿಂದ ಒಂದು ಲಾರಿ ಮಾಡುವುದು ಸಾಮಾನ್ಯ. ಹಾಗೆ ಒಂದು ಉಳಿಯಲು ಎರಡು ಬಲಿಯಾಗುತ್ತವೆ.

ಬಿಡಿಭಾಗಕ್ಕಿಂತ ಬೇಗ ಮುಗಿದುಹೋಗುತ್ತಿರುವುದು ತಿಳಿವಳಿಕೆ. ಈ ಗೇರ್‌ಬಾಕ್ಸಿಗೆ ಎರಡು ಸಲ ಕ್ಲಚ್ ತುಳಿದು ಗೇರ್ ಹಾಕುವ ಹದ, ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇಳಿಯಬೇಕೆಂಬ ಲೆಕ್ಕ ಪುಸ್ತಕದಿಂದ ಕೈಗೆ ಬರುವುದಲ್ಲ. ಸೇನೆಗೆ ಸಾಮಗ್ರಿ ಸಾಗಿಸುವ ಆರ್ಮಿ ಸರ್ವೀಸ್ ಕೋರ್‌ನ ಕೇಂದ್ರ ಮತ್ತು ಕಾಲೇಜು ಇರುವುದು ಬೆಂಗಳೂರಿನಲ್ಲೇ. ಅಲ್ಲಿ ಪಳಗಿ, ಸಿಕ್ಕಿಂನಲ್ಲೋ ಲಡಾಖ್‌ನಲ್ಲೋ ಶಕ್ತಿಮಾನ್ ಓಡಿಸಿ, ಊರಿಗೆ ಮರಳಿದ ಚಾಲಕರ ತಲೆಯಲ್ಲಿ ಆ ವಿದ್ಯೆ ಇದೆ. ಅವರಿಗೂ ವಯಸ್ಸಾಗುತ್ತಿದೆ.

ಕಾಯ್ದೆಯ ಎರಡು ಗೇಟುಗಳು

ಲಾರಿ ಓಡಿತು ಎಂದುಕೊಳ್ಳೋಣ. ಅದಕ್ಕೆ ಅದರ ಮೂಲ ಬಣ್ಣವನ್ನೇ ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಸಲ್ಲದು. ಸೇನೆಯ ವೇಷದಲ್ಲಿ ಬೇರೆಯವರು ಓಡಾಡಬಾರದೆಂಬ ಭದ್ರತೆಯ ಕಾರಣ ಸರಿಯಾದದ್ದೇ. ರಸ್ತೆಗಿಳಿಯುವ ಹಳೆಯ ಮಿಲಿಟರಿ ಗಾಡಿಗಳು ಬೂದು, ಮರಳು, ನೀಲಿ ಬಣ್ಣದಲ್ಲಿ ಕಾಣುವುದಕ್ಕೆ ಇದೇ ಕಾರಣ.

ಎರಡನೆಯದು ನೋಂದಣಿ. ಹರಾಜಿನ ಕಾಗದಪತ್ರ ಇದ್ದರಷ್ಟೇ ಆರ್‌ಟಿಒ ಕಚೇರಿಯಲ್ಲಿ ಮಾತು ಮುಂದುವರಿಯುತ್ತದೆ. ನಾಲ್ಕು ಕೈ ದಾಟಿ ಬಂದ ಲಾರಿಗೆ ಆ ಕಾಗದ ಇರುವುದು ಅಪರೂಪ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ 20,000 ರೂಪಾಯಿ ಶುಲ್ಕದ ಮೇಲೆ ಹತ್ತು ವರ್ಷದ ನೋಂದಣಿ, ‘ವಿಎ’ ಅಕ್ಷರಗಳಿರುವ ಫಲಕ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಓಡಿಸಬಹುದು, ದುಡಿಮೆಗೆ ಅಲ್ಲ. ಒಳ್ಳೆಯ ಹೆಜ್ಜೆ. ಆದರೆ ಖಾಸಗಿ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ಗಮನದಲ್ಲಿಟ್ಟು ಮಾಡಿದ ನಿಯಮ ಅದು, ಸರಕು ಲಾರಿಯನ್ನಲ್ಲ.

ಅದೇ 2021ರ ಆಗಸ್ಟ್‌ನಲ್ಲಿ ವಾಹನ ಗುಜರಿ ನೀತಿಯೂ ಬಂತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಹಳೆಯ ಗಾಡಿಗಳ ಹೊಗೆ ಕಡಿಮೆಯಾಗಲಿ ಎಂಬ ಉದ್ದೇಶಕ್ಕೆ ಯಾರ ತಕರಾರೂ ಇರಲಾರದು. ವರ್ಷಕ್ಕೆ ನಾಲ್ಕು ದಿನ ಮಾತ್ರ ಹೊರಬರುವ ಚಾರಿತ್ರಿಕ ಲಾರಿಯನ್ನು ಅದೇ ತಕ್ಕಡಿಯಲ್ಲಿ ತೂಗಬಾರದು, ಅಷ್ಟೇ.

ಕಡಲಾಚೆಯ ಅನುಭವ

ಅಮೆರಿಕದಲ್ಲಿ ಮಿಲಿಟರಿ ವಾಹನ ಉಳಿಸುವವರ ಸಂಘ 1976ರಲ್ಲೇ ಹುಟ್ಟಿತು. ಬ್ರಿಟನ್ನಿನಲ್ಲಿ ಎಇಸಿ ಮ್ಯಾಟಡಾರ್ ಎಂಬ ತೋಪು ಎಳೆಯುವ ಲಾರಿ ಇಂದಿಗೂ ಕಾಣಸಿಗುವುದು, ಯುದ್ಧದ ನಂತರ ಮರದ ವ್ಯಾಪಾರಿಗಳೂ ಕೆಟ್ಟ ಬಸ್ಸು ಎಳೆಯುವ ಗ್ಯಾರೇಜಿನವರೂ ಅದನ್ನು ಇಟ್ಟುಕೊಂಡದ್ದರಿಂದ. ಆಸ್ಟ್ರೇಲಿಯಾದ ರೈತರು ಕೆನಡಾ ಮಾದರಿಯ ಲಾರಿಯನ್ನು ‘ಬ್ಲಿಟ್ಜ್’ ಎಂದು ಕರೆದು ಹೊಲದಲ್ಲಿ ದುಡಿಸಿದರು. ಅವರ ಕೊಟ್ಟಿಗೆಗಳಿಂದಲೇ ಮುಂದೆ ಹವ್ಯಾಸಿಗಳು ಅವನ್ನು ಹೊರತೆಗೆದರು. ನ್ಯೂ ಸೌತ್ ವೇಲ್ಸ್‌ನ ಕೊರೊವಾ ಎಂಬ ಪುಟ್ಟ ಊರಿನಲ್ಲಿ ಹೀಗೆ ಬದುಕಿದ ಮಿಲಿಟರಿ ವಾಹನಗಳು ವರ್ಷಕ್ಕೊಮ್ಮೆ ಜಾತ್ರೆಯಂತೆ ನೆರೆಯುತ್ತವೆ.

ಅಲ್ಲೂ ಇಲ್ಲೂ ಲಾರಿಯನ್ನು ಮೊದಲು ಕಾಪಾಡಿದ್ದು ಬಡತನ ಮತ್ತು ಕೆಲಸ. ಅಲ್ಲಿ ಆ ಮೇಲೆ ಸಂಘಗಳು ಬಂದವು. ನಮ್ಮಲ್ಲಿ ಆ ಎರಡನೆಯ ಹೆಜ್ಜೆ ಬಾಕಿ ಇದೆ.

ಬೆಂಗಳೂರು ಒಮ್ಮೆ ಮಾಡಿ ತೋರಿಸಿದ್ದು

ಗುಜರಿಯಿಂದ ಯುದ್ಧದ ಯಂತ್ರ ಎಬ್ಬಿಸುವುದರಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಒಂದು ಅಧ್ಯಾಯವಿದೆ. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ವಾಯುನೆಲೆಯಲ್ಲಿ ಲಿಬರೇಟರ್ ಬಾಂಬರ್ ವಿಮಾನಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಹಾರುವಷ್ಟು ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ತಂದರು. ಪೂರ್ತಿ ದುರಸ್ತಿಯಾದ ಸುಮಾರು ನಲವತ್ತು ವಿಮಾನಗಳು ವಾಯುಪಡೆಗೆ ಸೇರಿ 1968ರವರೆಗೆ ಸೇವೆಯಲ್ಲಿದ್ದವು.

ಜಗತ್ತಿನಲ್ಲಿ ತಯಾರಾದ ಲಿಬರೇಟರ್‌ಗಳು 18,000ಕ್ಕೂ ಹೆಚ್ಚು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಬೆಂಗಳೂರಿನಲ್ಲಿ ಮರುಜನ್ಮ ಪಡೆದವು. ಲಂಡನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿರುವುದೂ ಭಾರತದಿಂದ ಹೋದದ್ದು.

ಹಾಳಾದ ಬಾಂಬರ್ ಎಬ್ಬಿಸಿದ ನಾಡಿಗೆ ಲಾರಿ ಎಬ್ಬಿಸುವುದು ದೊಡ್ಡದಲ್ಲ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ನಿಂತಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಸಂಗ್ರಹಾಲಯವಾದಾಗ ಅದರ ಅಂಗಳಕ್ಕೆ ಟ್ಯಾಂಕ್ ಬಂತು. ಶಾಲೆಯ ಮಕ್ಕಳು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಟ್ಯಾಂಕಿಗೆ ಇಂಧನವನ್ನೂ ಅದರೊಳಗಿನ ಸೈನಿಕರಿಗೆ ಊಟವನ್ನೂ ಹೊತ್ತು ತಂದ ಲಾರಿಗೂ ಅಲ್ಲೊಂದು ಜಾಗ ಸಲ್ಲಬೇಕು. ಹರಾಜಿನ ಲಾಟಿನಿಂದ ವರ್ಷಕ್ಕೆ ಒಂದೆರಡು ಲಾರಿಗಳನ್ನು ಎತ್ತಿಟ್ಟು ಜಿಲ್ಲಾ ಸಂಗ್ರಹಾಲಯಗಳಿಗೋ ಡೀಸೆಲ್ ಮೆಕ್ಯಾನಿಕ್ ಕಲಿಸುವ ಐಟಿಐಗಳಿಗೋ ಕೊಟ್ಟರೆ, ಲಾರಿಯೂ ಉಳಿಯುತ್ತದೆ, ಹುಡುಗರಿಗೆ ಕೆಲಸವೂ ಬರುತ್ತದೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. ನಿಮ್ಮ ತೋಟದ ಶೆಡ್ಡಿನಲ್ಲಿ, ಸಾಮಿಲ್ಲಿನ ಹಿಂದೆ, ಕ್ವಾರಿಯ ಮೂಲೆಯಲ್ಲಿ ಇಂಥ ಲಾರಿಯೊಂದು ನಿಂತಿದ್ದರೆ ಗುಜರಿಯವನನ್ನು ಕರೆಯುವ ಮುನ್ನ ಚಾಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಫಲಕದ, ಬಾಣದ ಗುರುತಿನ ಫೋಟೊ ತೆಗೆಯಿರಿ. ಬಣ್ಣ ಕೆರೆಯಬೇಡಿ. ಹಳೆಯ ಕಾಗದಗಳನ್ನು ಎಸೆಯಬೇಡಿ. ಊರಿನಲ್ಲಿ ಸೇನೆಯಿಂದ ನಿವೃತ್ತರಾದ ಚಾಲಕರಿದ್ದರೆ ಕರೆತಂದು ತೋರಿಸಿ, ಅವರು ಹೇಳುವುದನ್ನು ಫೋನಿನಲ್ಲಿ ದಾಖಲಿಸಿಕೊಳ್ಳಿ. ಆಮೇಲೆ ಹಳೆಯ ವಾಹನಗಳ ಹವ್ಯಾಸಿಗಳಿಗೆ ಒಂದು ಮಾತು ತಿಳಿಸಿ, ಒಂದು ತಿಂಗಳು ಕಾಯಿರಿ.